ಮಿದುಳಿನ ನೀರಿನ ಕೊಳವೆ: ಪಾಲಕರು ಅರಿಯಬೇಕಾದುದು

ಮಿದುಳಿನ ಒಳಗುಹೆಗಳಲ್ಲಿ ತಿಳಿನೀರಿನಂಥ ದ್ರವವೊಂದು ಸದಾ ಒಸರುತ್ತಿರುವುದು. ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರು. ಅದರ ಹಾದಿ ಕಟ್ಟಿದರೆ ಎಳೆಗೂಸಿನ ತಲೆ ದೊಡ್ಡದಾಗುತ್ತ ಹೋಗುವುದು. ಆಗ ಶಸ್ತ್ರವೈದ್ಯರು ತಲೆಯಿಂದ ಹೊಟ್ಟೆಯವರೆಗೆ ಚರ್ಮದಡಿಯಲ್ಲಿ ಸಣ್ಣ ಕೊಳವೆಯೊಂದನ್ನು ಇಳಿಸುವರು. ಇದೇ ‘ಷಂಟ್’. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆಯುಂಟು. ಇದಕ್ಕೆ ಬೇಕಾದ ಕವಾಟವೊಂದನ್ನು 1956ರ ಸುಮಾರಿಗೆ ರೂಪಿಸಿದವನು ಅಮೆರಿಕದ ಜಾನ್ ಹೋಲ್ಟರ್ ಎಂಬ ಕಾರ್ಖಾನೆಯ ಕುಶಲಕರ್ಮಿ. ಅವನ ಮಗನಿಗೇ ಈ ರೋಗವಿತ್ತು.

ಕೊಳವೆ ಕಟ್ಟಿಕೊಳ್ಳುವುದು, ನಂಜೇರುವುದು ಆಗಾಗ ಕಾಣುವ ತೊಡಕುಗಳು. ನಾವು ಹೇಳಹೊರಟಿರುವುದು ತೀರ ವಿರಳವಾದುದನ್ನು. ಹೊಟ್ಟೆಯಲ್ಲಿರುವ ತುದಿ ಕರುಳನ್ನು ಮೆಲ್ಲನೆ ಕೊರೆದು ಗುದದ್ವಾರದಿಂದ ಹೊರಬರುವುದುಂಟು. ಹಲವು ಮಕ್ಕಳಿಗೆ ಆಗ ಹೊಟ್ಟೆನೋವೂ ಇರುವುದಿಲ್ಲ. ತಾಯಿ ಅದನ್ನು ಜಂತುಹುಳುವೆಂದು ಬಗೆದರೆ ಆಶ್ಚರ್ಯವಿಲ್ಲ. ಆದರೆ ಅದನ್ನು ಎಳೆಯಬಾರದು, ಕತ್ತರಿಸಬಾರದು, ಒಳಕ್ಕೆ ತಳ್ಳಲೂ ಬಾರದು. ಕರುಳಿನ ರೋಗಾಣುಗಳು ಕೊಳವೆಯ ಮೂಲಕವೇ ಮೇಲೇರಿ ಮಿದುಳಿನ ಪೊರೆಯನ್ನು ಮುಟ್ಟಬಲ್ಲವು. ಶುಭ್ರವಾದ ಬಟ್ಟೆ ಮುಚ್ಚಿ, ಮಗುವನ್ನು ಕೂಡಲೇ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಕೊಳವೆಯನ್ನು ಮೇಲ್ಭಾಗದಲ್ಲಿ ಬೇರ್ಪಡಿಸಿ, ಮಲಿನವಾದ ಭಾಗವನ್ನು ಕೆಳಗಿನಿಂದಲೇ ತೆಗೆದು, ನಂಜು ಇಳಿದ ಬಳಿಕ ಅಗತ್ಯವಿದ್ದರೆ ಹೊಸತನ್ನು ಇಡುವರು. ಕರುಳಿನ ಸಣ್ಣ ರಂಧ್ರ ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುವುದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಇಂಥ ಕೊಳವೆಯುಳ್ಳ ಸಹಪಾಠಿಗೆ ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡದೆ ನಮಗೆ ತಿಳಿಸಿರಿ.