ಕಾರಿನ ಕುಲುಕಾಟವೂ ಸ್ಪ್ರಿಂಗಿನ ಆಯ್ಕೆಯೂ

ನಮ್ಮಲ್ಲಿ ಬಹುಮಂದಿ ನಿತ್ಯವೂ ಬಸ್ಸಿನಲ್ಲಿ ಶಾಲೆಗೆ ಬರುವವರು. ಕಡೆಯ ಸಾಲಿನಲ್ಲಿ ಕುಳಿತವರು ಗುಂಡಿ ಬಂದಾಗಲೆಲ್ಲ ಮೇಲಕ್ಕೆ ಚಿಮ್ಮುವುದನ್ನೂ, ನಡುವೆ ಕುಳಿತವರು ಅಷ್ಟಾಗಿ ಅಲುಗದಿರುವುದನ್ನೂ ಕಂಡಿದ್ದೇವೆ. ರಸ್ತೆಯೂ ಒಂದೇ, ಬಸ್ಸೂ ಒಂದೇ. ಆದರೆ ಕಡೆಯ ಆಸನವು ಹಿಂದಿನ ಗಾಲಿಗಳನ್ನು ದಾಟಿ ಹೊರಚಾಚಿಕೊಂಡಿದೆ. ಗಾಲಿಯ ಏರಿಳಿತ ಅಲ್ಲಿ ಹೆಚ್ಚಾಗಿ ತೋರುತ್ತದೆ.

ಸ್ಟೇಷನ್ ವ್ಯಾಗನ್ ಎಂಬ ಕಾರಿನಲ್ಲಿ ಇದೇ ಸ್ಥಳದಲ್ಲಿ ಸಾಮಾನನ್ನು ತುಂಬುತ್ತಾರೆ. ಅದರ ಮಾಡು ಹಿಂಬಾಗಿಲಿನವರೆಗೂ ಒಂದೇ ಎತ್ತರದಲ್ಲಿ ಸಾಗಿರುತ್ತದೆ. ಇಂತಹ ಕಾರು ಹಳೆಯದಾಗಿ, ಅದರ ಸ್ಪ್ರಿಂಗುಗಳು ಕುಸಿದಾಗ ಹೊಸವನ್ನು ಹಾಕಿಸಬೇಕಾಗುತ್ತದೆ. ಪ್ರಯಾಣ ಸುಖಕರವಾಗಿರಬೇಕಾದರೆ ಎಂತಹವನ್ನು ಆರಿಸಬೇಕು? ‘ಮೆತ್ತಗಿರುವುದೇ ಸುಖ’ ಎಂದು ಥಟ್ಟನೆ ಹೇಳಿಬಿಡಬಹುದು. ಆ ಉತ್ತರ ಎಷ್ಟುಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸೋಣ.

ಸ್ಪ್ರಿಂಗಿನ ಮೇಲೆ ಹೊರೆ ಎಷ್ಟು ಪಾಲು ಹೆಚ್ಚುತ್ತದೆಯೋ ಅದು ಕುಸಿಯುವುದೂ ಅಷ್ಟೇ ಪಾಲು ಹೆಚ್ಚುತ್ತದೆ. ಈ ನಿಯಮವನ್ನು ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯು 1678ರಲ್ಲಿ ಪ್ರಕಟಿಸಿದನು. ಇದರಿಂದ ಒಂದು ಸುಲಭವಾದ ಲೆಕ್ಕ ಹುಟ್ಟುತ್ತದೆ. ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರು ಕುಸಿದಿದೆಯೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ, ಕಾರು ಸೆಕೆಂಡಿಗೆ ಎಷ್ಟು ಸಲ ತೂಗಾಡುವುದೆಂಬುದು ಸುಮಾರಾಗಿ ದೊರೆಯುತ್ತದೆ. 16 ಸೆಂ.ಮೀ. ಕುಸಿದಿದ್ದರೆ 1.25 ಸಲ, 25 ಸೆಂ.ಮೀ. ಕುಸಿದಿದ್ದರೆ 1 ಸಲ. ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದವರೆಗಿನ ತೂಗಾಟ ಮೈಗೆ ಹಿತವಾಗಿರುತ್ತದೆ. ಅದಕ್ಕಿಂತ ಬಹಳ ಬೇಗನೆ ಕುಲುಕಿದರೆ ಆಯಾಸವಾಗುತ್ತದೆ.

ಹಾಗಾದರೆ ಮೆತ್ತನೆಯದೇ ಮೇಲಲ್ಲವೇ? ವ್ಯಾಗನ್ನಿನ ಕಷ್ಟ ಇಲ್ಲಿದೆ. ಒಂದು ದಿನ ಅದು ಬರಿದಾಗಿ ಓಡುತ್ತದೆ, ಮರುದಿನ ಹೊರೆ ಹೊತ್ತು ಓಡುತ್ತದೆ. ಮೊದಲು 16 ಸೆಂ.ಮೀ. ಕುಸಿದಿದ್ದ ಸ್ಪ್ರಿಂಗು ಒಂದು ಹೊರೆಗೆ ಇನ್ನೂ 9 ಸೆಂ.ಮೀ. ಕುಸಿಯುತ್ತದೆಂದು ಭಾವಿಸೋಣ. ಬರಿದಾಗಿದ್ದಾಗಲೇ 25 ಸೆಂ.ಮೀ. ಕುಸಿಯುವ ಮೆತ್ತನೆಯ ಸ್ಪ್ರಿಂಗು ಅದೇ ಹೊರೆಗೆ ಸುಮಾರು 14 ಸೆಂ.ಮೀ. ಕುಸಿಯುತ್ತದೆ. ಆಗ ಗಾಲಿಗೆ ಮೇಲೇಳಲು ಸ್ಥಳವುಳಿಯುವುದಿಲ್ಲ. ಪ್ರತಿ ಗುಂಡಿಯಲ್ಲಿಯೂ ಅದು ರಬ್ಬರಿನ ತಡೆಗೆ ಬಡಿಯುತ್ತದೆ. ಸುಖಕ್ಕೆಂದು ತಂದದ್ದೇ ಪೆಟ್ಟಿಗೆ ಕಾರಣವಾಗುತ್ತದೆ.

ಸ್ಪ್ರಿಂಗಿಗೆ ಇನ್ನೊಂದು ಗುಣವುಂಟು: ತೂಗಾಡಲು ತೊಡಗಿದರೆ ಅದು ತಾನಾಗಿ ಬೇಗ ನಿಲ್ಲದು. ಪ್ರಯೋಗಶಾಲೆಯಲ್ಲಿ ಒಂದು ಸ್ಪ್ರಿಂಗಿಗೆ ಕಲ್ಲನ್ನು ಕಟ್ಟಿ ಎಳೆದು ಬಿಟ್ಟು ನೋಡಿದರೆ ಇದು ತಿಳಿಯುತ್ತದೆ. ಅದೇ ಕಲ್ಲನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಎಳೆದು ಬಿಟ್ಟರೆ ತೂಗಾಟ ಬೇಗ ಅಡಗುತ್ತದೆ. ಕಾರಿನಲ್ಲಿ ಈ ನೀರಿನ ಕೆಲಸವನ್ನು ಷಾಕ್ ಅಬ್ಸಾರ್ಬರು ಮಾಡುತ್ತದೆ. ಎಣ್ಣೆ ತುಂಬಿದ ಕೊಳವೆಯಲ್ಲಿ ಸಣ್ಣ ರಂಧ್ರಗಳುಳ್ಳ ಪಿಸ್ಟನ್ನು ಚಲಿಸುತ್ತದೆ. ಎಣ್ಣೆ ಆ ರಂಧ್ರಗಳಲ್ಲಿ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಇದು ಸವೆದರೆ ಗಾಲಿ ರಸ್ತೆಯನ್ನು ಬಿಟ್ಟು ಕುಣಿಯುತ್ತದೆ. ಬ್ರೇಕು ಫಲಿಸುವುದು ಟೈರು ರಸ್ತೆಯನ್ನು ಒತ್ತಿಕೊಂಡಿರುವಾಗ ಮಾತ್ರ. ಆದುದರಿಂದ ಇದು ಕೇವಲ ಸುಖದ ಮಾತಲ್ಲ. ಕಾರಿನೊಳಗಿರುವವರ, ರಸ್ತೆ ದಾಟುವವರ ಪ್ರಾಣದ ಮಾತು.

ಈಗ ಒಂದು ಉದಾಹರಣೆಯನ್ನು ನೋಡೋಣ. ಸ್ವೀಡನ್ನಿನ ವೋಲ್ವೋ 240 ಎಂಬ ಕಾರು 1974ರಿಂದ 1993ರವರೆಗೆ ತಯಾರಾಯಿತು. ಅದರ ಹಿಂಬದಿಯಲ್ಲಿ ಎರಡು ಗಾಲಿಗಳನ್ನೂ ಜೋಡಿಸುವ ಗಟ್ಟಿಯಾದ ಅಚ್ಚು, ಸುರುಳಿ ಸ್ಪ್ರಿಂಗುಗಳು, ಪ್ರತ್ಯೇಕವಾಗಿ ಷಾಕ್ ಅಬ್ಸಾರ್ಬರುಗಳು ಇರುತ್ತವೆ. ಸಾಮಾನ್ಯ ಕಾರಿನದಕ್ಕಿಂತ ವ್ಯಾಗನ್ನಿನ ಹಿಂದಿನ ಸ್ಪ್ರಿಂಗು ಬಿಗಿಯಾದದ್ದು. ಸುಖದ ಆಸೆಯಿಂದ ಸಾಮಾನ್ಯ ಕಾರಿನ ಸ್ಪ್ರಿಂಗನ್ನು ಇದಕ್ಕೆ ಹಾಕಿದರೆ, ಹೊರೆ ತುಂಬಿದಾಗ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಆಗ ಮುಂದಿನ ದೀಪಗಳು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣನ್ನು ಕುಕ್ಕುತ್ತವೆ. ಚಳಿಗಾಲದಲ್ಲಿ ಹಗಲು ಬಹಳ ಮೊಟಕಾಗಿರುವ ಆ ನಾಡಿನಲ್ಲಿ ಇದು ಸಣ್ಣ ದೋಷವಲ್ಲ. ಅದೇ ಕಂಪನಿಯ 740, 940 ವ್ಯಾಗನ್ನುಗಳಲ್ಲಿ ಕೆಲವಕ್ಕೆ, ಓಡುತ್ತಿರುವಾಗಲೇ ಹಿಂಭಾಗವನ್ನು ತಾನಾಗಿ ಸಮಮಟ್ಟಕ್ಕೆ ಎತ್ತುವ ವಿಶೇಷ ಷಾಕ್ ಅಬ್ಸಾರ್ಬರುಗಳಿದ್ದವು. ಅವುಗಳೊಡನೆ ಇರುವ ಸ್ಪ್ರಿಂಗು ಮೆತ್ತನೆಯದು. ಅಲ್ಲಿ ಷಾಕ್ ಅಬ್ಸಾರ್ಬರನ್ನು ಮಾತ್ರ ತೆಗೆದು ಸಾಧಾರಣವಾದುದನ್ನು ಹಾಕಿದರೆ ಸ್ಪ್ರಿಂಗು ಹೊರೆಯನ್ನು ತಾಳಲಾರದು. ಎರಡೂ ಒಂದಕ್ಕೊಂದು ಹೊಂದಿಕೊಂಡಿರಲೇಬೇಕು.

ಆದುದರಿಂದ ಆಯ್ಕೆಯ ಕ್ರಮ ಹೀಗಿರಬೇಕು. ಮೊದಲು ಟೈರಿನ ಗಾಳಿಯನ್ನು ಅಳೆಯಬೇಕು. ಮಿತಿಮೀರಿ ತುಂಬಿದ ಗಾಳಿಯೂ ಕುಲುಕಾಟಕ್ಕೆ ಕಾರಣ. ಬಳಿಕ ಕೀಲುಗಳಲ್ಲಿರುವ ರಬ್ಬರಿನ ಬುಷ್‌ಗಳನ್ನು ನೋಡಬೇಕು. ಅವು ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತವೆ. ಸುಖ ಬೇಕೆನ್ನುವವರು ಅವುಗಳ ಸ್ಥಾನದಲ್ಲಿ ರಬ್ಬರನ್ನೇ ಹಾಕಿಸುವುದು ಲೇಸು. ಮೂರನೆಯದಾಗಿ, ನಿತ್ಯದ ಹೊರೆಯೆಷ್ಟೆಂದು ಪ್ರಾಮಾಣಿಕವಾಗಿ ಯೋಚಿಸಿ, ಆ ವ್ಯಾಗನ್ನಿಗೆಂದೇ ನಿಗದಿಯಾದ ಬಿಗುವಿನ ಸ್ಪ್ರಿಂಗನ್ನು ಕೊಳ್ಳಬೇಕು. ನಾಲ್ಕನೆಯದಾಗಿ, ಆ ಸ್ಪ್ರಿಂಗಿಗೆ ತಕ್ಕ ಷಾಕ್ ಅಬ್ಸಾರ್ಬರನ್ನು ಆರಿಸಬೇಕು. ಎಣ್ಣೆಯಲ್ಲಿ ನೊರೆಯೇಳದಂತೆ ಕೆಲವದರಲ್ಲಿ ನೈಟ್ರೋಜನ್ ಅನಿಲವನ್ನು ತುಂಬಿರುತ್ತಾರೆ. ಹೆಚ್ಚು ಒತ್ತಡದ ಅನಿಲವುಳ್ಳವು ಸಾಮಾನ್ಯವಾಗಿ ತುಸು ಬಿರುಸು. ನಿಧಾನವಾಗಿ ಓಡಿಸುವ ಸಂಸಾರವಂದಿಗರಿಗೆ ಕಡಿಮೆ ಒತ್ತಡದವೇ ಹಿತ. ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಅದುಮಿ ಹಿಡಿದ ಸುರುಳಿ ಸ್ಪ್ರಿಂಗು ಜಾರಿ ಸಿಡಿದರೆ ಅಪಾಯವಾದುದರಿಂದ, ಆ ಕೆಲಸ ನುರಿತ ಮೆಕ್ಯಾನಿಕನದೇ ಆಗಿರಬೇಕು.

ಹೊರೆಯನ್ನು ಹೊರುವುದು ಸ್ಪ್ರಿಂಗಿನ ಕೆಲಸ, ತೂಗಾಟವನ್ನು ಅಡಗಿಸುವುದು ಷಾಕ್ ಅಬ್ಸಾರ್ಬರಿನ ಕೆಲಸ. ಇವೆರಡೂ ಹೊಂದಿಕೊಂಡಾಗ ದೊರೆಯುವುದೇ ನಿಜವಾದ ಸುಖ. ಬರಿಯ ಮೆತುವಿನಿಂದ ಅದು ದೊರೆಯದು. ನಾಳೆ ಬಸ್ಸು ಒಂದು ಉಬ್ಬನ್ನು ದಾಟಿದ ಮೇಲೆ ಎಷ್ಟು ಸಲ ತೂಗಾಡುತ್ತದೆಂದು ಎಣಿಸೋಣ. ಒಮ್ಮೆ ಏರಿಳಿದು ಶಾಂತವಾದರೆ ಅದರ ಷಾಕ್ ಅಬ್ಸಾರ್ಬರುಗಳು ಚೆನ್ನಾಗಿವೆಯೆಂದು ಊಹಿಸಬಹುದು. ಮತ್ತೆ ಮತ್ತೆ ತೂಗಾಡಿದರೆ, ಈ ಪಾಠ ಅಲ್ಲಿಯೇ ನಮ್ಮ ನೆನಪಿಗೆ ಬರುವುದು.