ಗಡಿ ದಾಟುವ ಅಲೆಗಳು: ಉಪಗ್ರಹ ಪ್ರಸಾರ, ಕಾನೂನು ಮತ್ತು ಹೊರನಾಡ ಕನ್ನಡ

ನಾಡಿನ ಗಡಿಯೂ ನುಡಿಯ ಗಡಿಯೂ ಒಂದೇ ಆಗಿರುವುದು ವಿರಳ. ಉಪಗ್ರಹದಿಂದಿಳಿವ ಅಲೆಗಳಾದರೋ ಈ ಎರಡನ್ನೂ ಅರಿಯವು. ಪರದೇಶದಿಂದ ಬಂದ ಸಂಕೇತವನ್ನು ಪ್ರಜೆಯು ತನ್ನ ಮಾಳಿಗೆಯ ಮೇಲೆ ಹಿಡಿಯಬಹುದೆ ಎಂಬ ಪ್ರಶ್ನೆ ಆದಕಾರಣ ಭಾಷಾಧ್ಯಯನಕ್ಕೂ ಸಂಬಂಧಿಸಿದ್ದಾಗಿದೆ.

1885ರ ಭಾರತೀಯ ತಂತಿ ಕಾಯಿದೆ ತಂತಿ ವ್ಯವಸ್ಥೆಯ ಏಕಸ್ವಾಮ್ಯವನ್ನು ಸರ್ಕಾರಕ್ಕೆ ನೀಡಿತ್ತು. ಸಂಕೇತಗಳ ಸ್ವೀಕಾರಕ್ಕೂ ಆ ಏಕಸ್ವಾಮ್ಯ ಅನ್ವಯಿಸುತ್ತಿತ್ತು. ಪುಣೆ ಜಿಲ್ಲೆಯ ಆರ್ವಿಯಲ್ಲಿ 1971ರಲ್ಲಿ ಆರಂಭವಾದ ಭೂಕೇಂದ್ರ ಸರ್ಕಾರದ್ದೇ ಆಗಿತ್ತು. 1975-76ರಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅಮೆರಿಕದ ಉಪಗ್ರಹದ ಮೂಲಕ ಕನ್ನಡ ಕಾರ್ಯಕ್ರಮಗಳನ್ನು ನೋಡಿದುದೂ ಎರಡು ಸರ್ಕಾರಗಳ ಒಪ್ಪಂದದಿಂದಲೇ.

1991ರಲ್ಲಿ ಹಾಂಗ್‌ಕಾಂಗಿನಿಂದ ಸ್ಟಾರ್ ಟಿವಿಯ ಪ್ರಸಾರ ಬಂದಾಗ ಇಂಥ ಒಪ್ಪಂದವಿರಲಿಲ್ಲ. ಕೇಬಲ್‌ನವರು ದೊಡ್ಡ ಡಿಶ್ ನಿಲ್ಲಿಸಿ ಬೀದಿಬೀದಿಗೆ ತಂತಿ ಎಳೆದರು. ಕಾನೂನು ಅವರ ಹಿಂದೆ ನಡೆಯಿತು. 1995ರ ಕೇಬಲ್ ಕಾಯಿದೆ ನೋಂದಣಿಯನ್ನೂ ಕಾರ್ಯಕ್ರಮ ಸಂಹಿತೆಯನ್ನೂ ವಿಧಿಸಿತು. ಆದರೆ ವಿಶೇಷ ಉಪಕರಣವಿಲ್ಲದೆ ದೊರೆಯುವ ವಿದೇಶೀ ಉಪಗ್ರಹವಾಹಿನಿಗಳನ್ನು ಆ ಸಂಹಿತೆಯಿಂದ ಹೊರಗಿಟ್ಟಿತು. ಈ ವಿನಾಯಿತಿ 2000ದ ತಿದ್ದುಪಡಿಯಿಂದ ಹೋಯಿತು. 1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದೂ, ಮಾಹಿತಿ ಪಡೆಯುವುದು ವಾಕ್ ಸ್ವಾತಂತ್ರ್ಯದ ಅಂಗವೆಂದೂ ತೀರ್ಪಿತ್ತಿತು. ಹೇಳುವವನ ಹಕ್ಕಿನ ಜೊತೆಗೆ ಕೇಳುವವನ ಹಕ್ಕೂ ಮಾನ್ಯವಾಯಿತು.

ಇಲ್ಲಿ ಗಮನಿಸಬೇಕಾದ ವಿಪರ್ಯಾಸವೊಂದಿದೆ. 1994ರಲ್ಲಿ ಉದಯ ಟಿವಿ ಆರಂಭವಾದಾಗ ಖಾಸಗಿ ವಾಹಿನಿಗಳಿಗೆ ಭಾರತದ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಅನುಮತಿ ಇರಲಿಲ್ಲ. ಹೀಗಾಗಿ ದೇಶೀಯ ನುಡಿಗಳೂ ಪರದೇಶದ ದಾರಿ ಹಿಡಿದೇ ಮನೆಗೆ ಮರಳಬೇಕಾಗಿತ್ತು. ವಿದೇಶೀ ಅಲೆಗಳನ್ನು ತಡೆಯುವ ಕಾನೂನು ಕಟ್ಟುನಿಟ್ಟಾಗಿ ಜಾರಿಯಾಗಿದ್ದರೆ ತಡೆಗೊಳಗಾಗುತ್ತಿದ್ದುದರಲ್ಲಿ ಕನ್ನಡವೂ ಒಂದು! 1997ರಲ್ಲಿ ಸರ್ಕಾರ 4800 ಮೆಗಾಹರ್ಟ್ಸ್‌ಗೆ ಮೇಲ್ಪಟ್ಟ ಪ್ರಸಾರವನ್ನು ಹಿಡಿಯುವ ಉಪಕರಣಗಳನ್ನು ನಿಷೇಧಿಸಿತು. ಅದರಿಂದ ಕೇಬಲ್‌ನವರ ದೊಡ್ಡ ಡಿಶ್‌ಗೆ ಬಾಧೆಯಾಗಲಿಲ್ಲ. ಒಂದೊಂದು ಮನೆಯೂ ನೇರವಾಗಿ ಇಟ್ಟುಕೊಳ್ಳಬಹುದಾದ ಸಣ್ಣ ಡಿಶ್ ಮಾತ್ರ ನಿಷಿದ್ಧವಾಯಿತು. ಪುಣೆಯ ವಿಮಾನ ನಗರದಂತಹ ಬಡಾವಣೆಯಲ್ಲಿ ಮರಾಠಿ, ಹಿಂದಿ ನೆರೆಹೊರೆಯ ನಡುವೆ ನೆಲಸುವ ಕನ್ನಡ ಕುಟುಂಬದ ಪಾಲಿಗೆ ಈ ಭೇದ ಅಲ್ಪವಲ್ಲ. ಕೇಬಲ್‌ನವನು ಬಹುಸಂಖ್ಯಾತ ಗಿರಾಕಿಗಳ ನುಡಿಯನ್ನು ನೋಡುವನು. ಸ್ವಂತ ಡಿಶ್ ಆದರೋ ಮನೆಯವರ ನುಡಿಯನ್ನು ನೋಡುವುದು. 2001ರಲ್ಲಿ ಆ ನಿಷೇಧ ತೆರವಾಯಿತು.

2005ರ ಮಾರ್ಗಸೂಚಿಯ ಬಳಿಕ ಅನುಮತಿ ಪಡೆದ ವಾಹಿನಿಗಳನ್ನಷ್ಟೇ ವಿತರಿಸಬೇಕೆಂಬ ನಿಯಮ ಬಂದು, ನಿಯಂತ್ರಣದ ಹೊರೆ ವಾಹಿನಿ ಮತ್ತು ವಿತರಕರ ಮೇಲೆ ಬಿದ್ದಿತು. ಸ್ವೀಕಾರದ ಹಕ್ಕು ಬರಿಯ ಮನರಂಜನೆಯ ವಿಷಯವಲ್ಲ. ಹೊರನಾಡಿನಲ್ಲಿ ಬೆಳೆಯುವ ಮಗುವಿನ ಕಿವಿಗೆ ತಾಯ್ನುಡಿ ಬೀಳುವುದೋ ಇಲ್ಲವೋ ಎಂಬುದೂ ಅದನ್ನು ಅವಲಂಬಿಸಿದೆ.