ಕೀಮೋಗೆ ಮೊದಲೇ ಕೇಳಬೇಕಾದ ಪ್ರಶ್ನೆ

ಮನೆಯ ಹೆಣ್ಣುಮಗಳಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ "ಮೊದಲು ಜೀವ ಉಳೀಲಿ, ಮಕ್ಕಳ ಮಾತು ಆಮೇಲೆ" ಎಂದು ಹಿರಿಯರು ಹೇಳುವುದು ಸಹಜ. ಜೀವವೇ ಮೊದಲು, ನಿಜ. ಆದರೆ ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಗಳೂ ಕಿಬ್ಬೊಟ್ಟೆಗೆ ಕೊಡುವ ರೇಡಿಯೇಷನ್ನೂ ಅಂಡಾಶಯದ ಅಂಡಾಣುಗಳನ್ನು ನಾಶಮಾಡಬಲ್ಲವು. ಹೋದವು ಮತ್ತೆ ಹುಟ್ಟುವುದಿಲ್ಲ. ಚಿಕಿತ್ಸೆಯ ನಂತರ ಮುಟ್ಟು ಮರಳಿದರೂ ಋತುಬಂಧ ಬೇಗ ಬರಬಹುದು. ಆದ್ದರಿಂದ ಈ ಮಾತು ಕೀಮೋಗೆ ಮೊದಲೇ ಆಗಬೇಕು.

ಯಾವ ದಾರಿಗಳಿವೆ?

ಹೆಚ್ಚು ಬಳಕೆಯಲ್ಲಿರುವುದು ಅಂಡಾಣು ಅಥವಾ ಭ್ರೂಣವನ್ನು ಫ್ರೀಜ್ ಮಾಡಿಡುವುದು. ಮದುವೆಯಾಗದವರು ಅಂಡಾಣುಗಳನ್ನು ಇಡಬಹುದು. ಅಂಡಾಣುಗಳನ್ನು ಬೆಳೆಸುವ ಹಾರ್ಮೋನ್ ಇಂಜೆಕ್ಷನ್‌ಗೆ ಸುಮಾರು ಎರಡು ವಾರ ಸಾಕು. ಈಗ ಮುಟ್ಟಿನ ದಿನಕ್ಕೆ ಕಾಯದೆ ಯಾವಾಗ ಬೇಕಾದರೂ ಶುರುಮಾಡುತ್ತಾರೆ. ಸ್ತನ ಕ್ಯಾನ್ಸರ್ ಇರುವವರಿಗೆ ಈಸ್ಟ್ರೋಜನ್ ಏರದಂತೆ ಲೆಟ್ರೊಜೋಲ್ ಮಾತ್ರೆ ಜೊತೆಗೆ ಕೊಡುತ್ತಾರೆ.

ಅಷ್ಟು ಸಮಯವಿಲ್ಲದವರಿಗೆ, ಇನ್ನೂ ಮೈನೆರೆಯದ ಹುಡುಗಿಯರಿಗೆ, ಅಂಡಾಶಯದ ತುಣುಕನ್ನೇ ತೆಗೆದು ಫ್ರೀಜ್ ಮಾಡುವ ವಿಧಾನವಿದೆ. ಹೀಗೆ ಇಟ್ಟ ಅಂಗಾಂಶವನ್ನು ಮರಳಿ ಕಸಿಮಾಡಿದ ಮೇಲೆ 2004ರಲ್ಲಿ ಬೆಲ್ಜಿಯಂನಲ್ಲಿ ಮಗು ಹುಟ್ಟಿತು. ಇದು ಪ್ರಯೋಗದ ಹಂತ ದಾಟಿದೆ ಎಂದು ಅಮೆರಿಕದ ಸಂತಾನ ವೈದ್ಯಕೀಯ ಸಂಘ 2019ರಲ್ಲಿ ಹೇಳಿತು. ಆದರೆ ರಕ್ತದ ಕ್ಯಾನ್ಸರ್‌ನಲ್ಲಿ ಆ ತುಣುಕಿನ ಜೊತೆ ರೋಗಕೋಶಗಳೂ ಮರಳುವ ಅಪಾಯವಿದೆ. ಕೀಮೋ ನಡೆಯುವಾಗ ಕೊಡುವ ಗೊಸೆರೆಲಿನ್ ಇಂಜೆಕ್ಷನ್ ಅಂಡಾಶಯಕ್ಕೆ ಸ್ವಲ್ಪ ರಕ್ಷಣೆ ಕೊಡಬಹುದು. ಫ್ರೀಜ್ ಮಾಡುವುದಕ್ಕೆ ಅದು ಬದಲಿಯಲ್ಲ. ಇವುಗಳಲ್ಲಿ ಯಾವುದೂ ಮಗುವಿನ ಖಾತರಿ ಕೊಡುವುದಿಲ್ಲ.

ಇನ್ಶೂರೆನ್ಸ್ ವಿಚಾರ

ಅಮೆರಿಕದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಸೇರಿ ಹಲವು ರಾಜ್ಯಗಳಲ್ಲಿ ಇನ್ಶೂರೆನ್ಸ್ ಕಂಪನಿಗಳು ಹೀಗೆ ಫ್ರೀಜ್ ಮಾಡುವ ವೆಚ್ಚ ಭರಿಸಬೇಕೆಂಬ ಕಾನೂನಿದೆ. ಆದರೆ ನಮ್ಮವರು ಕೆಲಸ ಮಾಡುವ ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಪ್ಲಾನ್‌ಗಳು ಸೆಲ್ಫ್ ಫಂಡೆಡ್, ಅಂದರೆ ವೆಚ್ಚವನ್ನು ಕಂಪನಿಯೇ ಭರಿಸುವಂಥವು. ಅವುಗಳಿಗೆ ರಾಜ್ಯದ ಕಾನೂನು ಅನ್ವಯಿಸುವುದಿಲ್ಲ. ನಿಮ್ಮದು ಯಾವುದು ಎಂದು ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ. ಚಿಕಿತ್ಸೆಯ ಅಗತ್ಯ ವಿವರಿಸುವ ಪತ್ರವನ್ನು ಆಂಕಾಲಜಿಸ್ಟ್‌ರಿಂದ ಪಡೆಯಿರಿ. ವರ್ಷವರ್ಷ ಕಟ್ಟುವ ಸ್ಟೋರೇಜ್ ಶುಲ್ಕ ಬೇರೆ. ಲಿವ್‌ಸ್ಟ್ರಾಂಗ್ ಫರ್ಟಿಲಿಟಿ ಕಾರ್ಯಕ್ರಮ ಅರ್ಹರಿಗೆ ರಿಯಾಯಿತಿ ಕೊಡಿಸುತ್ತದೆ; ವೀಸಾದಲ್ಲಿರುವವರು ಅರ್ಹತೆಯನ್ನು ಮೊದಲೇ ವಿಚಾರಿಸಿ. ಊರಿಗೆ ಮರಳುವ ಯೋಚನೆಯಿದ್ದರೆ ಕ್ಲಿನಿಕ್‌ಗೆ ತಿಳಿಸಿ: ಭಾರತದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ ಭ್ರೂಣದ ಸಂಗ್ರಹಕ್ಕೆ 10 ವರ್ಷದ ಮಿತಿ ಹಾಕಿದೆ.

ಮಾತಾಡುವಾಗ

ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆನ್ನಿ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಇದನ್ನು ಉಚಿತವಾಗಿ, ಹೆಚ್ಚಾಗಿ ಫೋನ್ ಮೂಲಕ, ಒದಗಿಸಬೇಕು. ಗಂಡನ ಅಥವಾ ಅತ್ತೆಯ ಬಾಯಿಂದ ಇಂಥ ಮಾತು ಅನುವಾದವಾಗುವುದು ಬೇಡ. ಒಬ್ಬರೇ ಡಾಕ್ಟರ ಜೊತೆ ಮಾತಾಡಬೇಕೆನಿಸಿದರೆ ಹಾಗೆಂದು ಹೇಳಿ. ತೀರ್ಮಾನ ರೋಗಿಯದೇ. ಬೇಡವೆನ್ನುವುದೂ ಒಂದು ತೀರ್ಮಾನ.

ಡಾಕ್ಟರು ತಾವಾಗಿ ಈ ವಿಷಯ ಎತ್ತದಿದ್ದರೆ ಸಂಕೋಚ ಬಿಟ್ಟು ನೀವೇ ಎತ್ತಿ: "ಈ ಚಿಕಿತ್ಸೆಯಿಂದ ಮುಂದೆ ಮಕ್ಕಳಾಗಲು ತೊಂದರೆಯಾಗುತ್ತದೆಯೇ? ಫರ್ಟಿಲಿಟಿ ತಜ್ಞರನ್ನು ಈ ವಾರವೇ ನೋಡಬಹುದೇ?"